ಜೂನ್‌ವರೆಗೆ ಮುಚ್ಚಿದ ಘಟ್ಟ

ಸುಳ್ಳು ಹೇಳುವವನು ಋತು ನೋಡಿಕೊಂಡು ಹೇಳಬೇಕು. ಇದು ಯಾವ ಗಾದೆಯಲ್ಲೂ ಇಲ್ಲ. ಹಿಮದ ಮಾಮ ಅರವತ್ತು ದಾಟಿದ ಮೇಲೆ ತನ್ನದೇ ಮನೆಯ ಊಟದ ಮೇಜಿನ ಮುಂದೆ ಕೂತು ಕಲಿತ ಪಾಠ ಇದು.

ಹಿಮದ ಮಾಮ ಯಾರು ಅಂತ ಮೊದಲು ಹೇಳಿಬಿಡೋಣ. ಪ್ರವಾಸದ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದವನು. ಕಂಡವರ ಪಾಸ್‌ಪೋರ್ಟ್ ತಿರುವಿ ನೋಡುವುದು, ವೀಸಾ ಅರ್ಜಿ ತುಂಬುವುದು, ಯಾವ ರೈಲು ಇಳಿದು ಯಾವ ಬಸ್ಸು ಹತ್ತಬೇಕು ಅಂತ ದಿನವಾರು ಪಟ್ಟಿ ಬರೆದು ಕೊಡುವುದು ಅವನ ಕೆಲಸ. ಇಪ್ಪತ್ಮೂರು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ, ಮೂವತ್ತೆರಡು ಜನರ ತಂಡದ ಉಸ್ತುವಾರಿಗೆ ಅಂತ ಆಲ್ಪ್ಸ್ ಪರ್ವತಗಳ ನಡುವಿನ ಒಂದು ಪುಟ್ಟ ದೇಶಕ್ಕೆ ಒಂಬತ್ತು ದಿನ ಹೋಗಿಬಂದಿದ್ದ. ಬೀದಿಯಲ್ಲಿ ಅಷ್ಟು ದೂರ ಹೋಗಿಬಂದವನು ಅವನೊಬ್ಬನೇ. ಆ ಒಂಬತ್ತು ದಿನವನ್ನು ಎಷ್ಟು ಸಲ ಹೇಳಿದನೆಂದರೆ, ಬೀದಿಯ ಮಕ್ಕಳು ಹಿಮದ ಮಾಮ ಅಂತ ಹೆಸರಿಟ್ಟರು, ದೊಡ್ಡವರೂ ಹಾಗೇ ಕರೆದರು, ಕೊನೆಗೆ ಕಚೇರಿಯ ಹಾಜರಿ ಪುಸ್ತಕ ಒಂದು ಬಿಟ್ಟು ಉಳಿದೆಲ್ಲ ಕಡೆ ಅದೇ ಹೆಸರು ನಿಂತುಬಿಟ್ಟಿತು.

ಆದರೆ ಅವನು ಆ ದೇಶಕ್ಕೆ ಹೋಗಿರಲಿಲ್ಲ. ಅದರ ಗಾಳಿಯನ್ನೂ ಮೂಸಿರಲಿಲ್ಲ. ಊರಲ್ಲಿ ಇದು ಗೊತ್ತಿದ್ದವರು ಇಬ್ಬರೇ, ಅವನು ಮತ್ತು ಕಚೇರಿಯ ದೊಡ್ಡ ಯಜಮಾನ. ದೊಡ್ಡ ಯಜಮಾನ ತೀರಿಕೊಂಡು ಆರು ವರ್ಷವಾಗಿತ್ತು.

ಹೋದ ತಿಂಗಳು ಮಾಮ ನಿವೃತ್ತನಾದ. ಬೀಳ್ಕೊಡುಗೆಯ ದಿನ ಚಿಕ್ಕ ಯಜಮಾನ, ಅಂದರೆ ದೊಡ್ಡ ಯಜಮಾನನ ಮಗ, ಎಲ್ಲರೆದುರು ಒಂದು ಲಕೋಟೆ ಕೊಟ್ಟ. “ಮಾಮ, ಅವತ್ತು ನೀವೊಬ್ಬರೇ ನೋಡ್ಕೊಂಡು ಬಂದ್ರಿ. ಈ ಸಲ ಅತ್ತೇನೂ ಕರ್ಕೊಂಡು ಹೋಗಿ. ಅದೇ ದೇಶ, ಅದೇ ಏಪ್ರಿಲ್ಲು!” ಲಕೋಟೆಯಲ್ಲಿ ಎರಡು ವಿಮಾನದ ಟಿಕೆಟ್ಟಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಮನ ಕಣ್ಣಲ್ಲಿ ನೀರು ಬಂತು. ಪಾಪ, ಎಷ್ಟು ಖುಷಿಯಾಗಿದೆ ನೋಡಿ ಅಂದರು ಜನ.

ಖುಷಿಯಾದದ್ದು ಅವನ ಹೆಂಡತಿಗೆ. ಅವಳು ಪುಸ್ತಕ ಕಟ್ಟುವ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡುವವಳು, ಹಾಳೆ ಮಡಿಸಿ, ಸೂಜಿಯಲ್ಲಿ ಹೊಲಿದು, ರಟ್ಟು ಅಂಟಿಸುವವಳು. ಮಾರನೆಯ ದಿನವೇ ಅಂಗಡಿಯಲ್ಲಿ ಉಳಿದ ಒಳ್ಳೆಯ ಹಾಳೆಗಳನ್ನು ಹೊಲಿದು, ನೀಲಿ ಬಟ್ಟೆಯ ಹೊದಿಕೆ ಹಾಕಿ, ಒಂದು ಪುಸ್ತಕ ಕಟ್ಟಿ ತಂದಳು. ಗಂಡ ವರ್ಷಾನುಗಟ್ಟಲೆ ಹೇಳಿದ್ದನ್ನೆಲ್ಲ ಅದರಲ್ಲಿ ಒಂದೊಂದಾಗಿ ಬರೆದಳು. ಸರೋವರದ ದಂಡೆಯಲ್ಲಿ ಅಕ್ರೋಟ್ ಮರದ ಕೆಳಗಿನ ಬೆಂಚು, ‘ಇವರು ಕೂತು ನನ್ನನ್ನು ನೆನೆಸಿಕೊಂಡ ಜಾಗ.’ ಬಿಸಿ ಹಾಲು ಕೊಟ್ಟ ಅಜ್ಜಿಯ ಮನೆ, ‘ಅಜ್ಜಿ ಇನ್ನೂ ಇದ್ದರೆ ಒಂದು ಒಳ್ಳೆಯ ಟವೆಲ್ ಕೊಡಬೇಕು.’ ಘಟ್ಟದ ದಾರಿ, ‘ಬಸ್ಸಿನ ಎರಡೂ ಕಡೆ ಹೂವು, ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು.’ ಒಂದನ್ನೂ ಅವಳು ಮರೆತಿರಲಿಲ್ಲ. ಹೇಳಿದವನೇ ಎಷ್ಟೋ ಮರೆತಿದ್ದ.

ಆ ಭಾನುವಾರ ಬೆಳಿಗ್ಗೆ ಮೂವರೂ ಮೇಜಿನ ಸುತ್ತ ಕೂತಿದ್ದರು. ಮೂರನೆಯವಳು ಮಗಳು ಗುಬ್ಬಿ, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಸಣ್ಣ ಅಕ್ಷರ ಅವಳ ಕಣ್ಣು ತಪ್ಪಿಸುವುದು ಕಷ್ಟ. ಗ್ರಂಥಾಲಯದಿಂದ ಆ ದೇಶದ ಪ್ರವಾಸಿ ಕೈಪಿಡಿಯೊಂದನ್ನು ತಂದಿದ್ದಳು. ಪುಟದ ಕೆಳಗಿನ ಟಿಪ್ಪಣಿಗೆ ಬೆರಳಿಟ್ಟು ಅವಳೆಂದಳು, “ಅಪ್ಪ, ಆ ಘಟ್ಟದ ದಾರಿ ಜೂನ್‌ವರೆಗೂ ಬಂದ್ ಅಂತಿದೆಯಲ್ಲ! ಅಕ್ಟೋಬರಿಂದ ಆಳೆತ್ತರ ಹಿಮ ಬಿದ್ದಿರುತ್ತಂತೆ. ನೀನು ಏಪ್ರಿಲ್‌ನಲ್ಲಿ ಹೆಂಗೆ ದಾಟಿದೆ?”

ಮಾಮನ ಕೈಯಲ್ಲಿ ಚಹಾದ ಲೋಟ ಇತ್ತು. ಅದನ್ನು ಕುಡಿಯಲೂ ಇಲ್ಲ, ಇಡಲೂ ಇಲ್ಲ.

“ಬಂದ್ ಇರ್ಬಹುದು... ಒಂದೊಂದು ವರ್ಷ ಒಂದೊಂದು ತರ,” ಅಂದ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಹೆಂಡತಿ ಬಿಟ್ಟಾಳೆಯೇ? “ಏನೇ ಅದು, ನಿಮ್ಮಪ್ಪ ಕಣ್ಣಾರೆ ಕಂಡು ಬಂದಿದ್ದಾರೆ, ನೀನು ಪುಸ್ತಕ ತೋರಿಸ್ತೀಯಾ? ನಾನು ಮೂವತ್ತು ವರ್ಷ ಪುಸ್ತಕ ಹೊಲಿದಿದ್ದೀನಿ ಕಣೇ. ಅದರೊಳಗೆ ಎಷ್ಟು ತಪ್ಪಿರುತ್ತೆ ಅಂತ ನನಗೆ ಗೊತ್ತು. ಹದಿನಾರನೇ ಪುಟ ಆದ್ಮೇಲೆ ನಲವತ್ತೊಂಬತ್ತು ಬಂದಿರುತ್ತೆ, ಒಬ್ಬನಾದ್ರೂ ನೋಡಿರಲ್ಲ!”

ಗುಬ್ಬಿ ನಕ್ಕು ಪುಟ ತಿರುವಿದಳು. ಮಾಮ ಮಾತ್ರ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಮುಖ ಒರೆಸಿಕೊಂಡ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೆಂಡತಿ ತನ್ನ ಪರ ವಾದ ಮಾಡಿದ್ದನ್ನು ಕೇಳಿ ಅವನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ನಡೆದದ್ದು ಇಷ್ಟು. ಇಪ್ಪತ್ಮೂರು ವರ್ಷದ ಹಿಂದೆ ಹೊರಡುವ ಹಿಂದಿನ ದಿನ ತಂಡದ ಪಾಸ್‌ಪೋರ್ಟುಗಳನ್ನೆಲ್ಲ ಕಚೇರಿಯ ಕಬ್ಬಿಣದ ಬೀರುವಿನಿಂದ ತೆಗೆದು ಮಾಮ ಎಣಿಸಿದ. ಮೂವತ್ತೆರಡು. ಸರಿಯಾಗಿದೆ ಅಂತ ಚೀಲಕ್ಕೆ ಹಾಕಿದ. ರಾತ್ರಿಯೆಲ್ಲ ರೈಲಿನಲ್ಲಿ ಪ್ರಯಾಣ ಮಾಡಿ ದೊಡ್ಡ ಪಟ್ಟಣದ ವಿಮಾನ ನಿಲ್ದಾಣ ಸೇರಿದ. ಬೇರೆ ಬೇರೆ ಊರುಗಳಿಂದ ಬಂದು ಸಾಲಾಗಿ ನಿಂತವರಿಗೆಲ್ಲ ಹೆಸರು ಕೂಗಿ ಕೂಗಿ ಪಾಸ್‌ಪೋರ್ಟ್ ಕೊಟ್ಟ. ಎಲ್ಲ ಮುಗಿದು ತನ್ನ ಸರದಿ ಬಂದಾಗ ಚೀಲಕ್ಕೆ ಕೈ ಹಾಕಿದರೆ ಚೀಲ ಖಾಲಿ. ಮೂವತ್ತೆರಡು ಜನ ಪ್ರಯಾಣಿಕರು, ಮೂವತ್ತೆರಡು ಪಾಸ್‌ಪೋರ್ಟು. ಮೂವತ್ಮೂರನೆಯವನು ತಾನು ಅನ್ನುವುದನ್ನೇ ಪುಣ್ಯಾತ್ಮ ಮರೆತಿದ್ದ. ಅವನದು ಕಬ್ಬಿಣದ ಬೀರುವಿನಲ್ಲೇ ಮಲಗಿತ್ತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಒಬ್ಬ ಗಿರಾಕಿಯದೂ ಒಂದು ಕಾಗದ ತಪ್ಪಿಸದವನು! ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಫೋನಿನಲ್ಲಿ ದೊಡ್ಡ ಯಜಮಾನ ಕೆಂಡಾಮಂಡಲವಾದರು. “ತಂಡಾನ ಅಲ್ಲಿಯವರು ನೋಡ್ಕೊಳ್ತಾರೆ, ಬಿಡು. ಆದ್ರೆ ನೀನು ಊರಲ್ಲಿ ಮುಖ ತೋರಿಸ್ಬೇಡ. ನಮ್ಮ ಗುಮಾಸ್ತನೇ ಪಾಸ್‌ಪೋರ್ಟ್ ಮರೆತ ಅಂತ ಗೊತ್ತಾದ್ರೆ ಒಂದು ನರಪಿಳ್ಳೆ ನಮ್ಮ ಬಾಗಿಲಿಗೆ ಬರಲ್ಲ. ಒಂಬತ್ತು ದಿನ ಎಲ್ಲಾದ್ರೂ ಬಿದ್ದಿರು.”

ಯಜಮಾನರು ಹೇಳಿದರು ನಿಜ. ಆದರೆ ಹೆಂಡತಿಗೆ ಗುಟ್ಟಾಗಿ ಹೇಳಬೇಡ ಅಂತ ಅವರೇನೂ ಹೇಳಿರಲಿಲ್ಲ. ಮಾಮ ಮನೆಗೇ ಅಂತ ಬಸ್ಸು ಹತ್ತಿದ. ಮನೆಗೆ ಇನ್ನು ಎರಡು ಗಂಟೆಯ ದಾರಿ ಇದೆ ಅನ್ನುವಾಗ ಒಂದು ಊರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಇಳಿದವನಿಗೆ ಮುಂದಿನ ಬಸ್ಸು ಹತ್ತಲು ಕಾಲು ಬರಲಿಲ್ಲ. ಹೊರಡುವಾಗ ಇಡೀ ಬೀದಿ ಬಂದು ಕೈ ಬೀಸಿತ್ತು. ಹೆಂಡತಿ ಎರಡು ತಿಂಗಳು ಕೂತು ಬೂದುಬಣ್ಣದ ದಪ್ಪ ಸ್ವೆಟರ್ ಹೆಣೆದು ಕೊಟ್ಟಿದ್ದಳು. ಆರು ವರ್ಷದ ಗುಬ್ಬಿ ‘ಹಿಮ ಡಬ್ಬೀಲಿ ಹಾಕ್ಕೊಂಡು ಬಾ’ ಅಂತ ಖಾಲಿ ಡಬ್ಬಿ ಕೊಟ್ಟಿದ್ದಳು. ಮರುದಿನವೇ ಪೆಕರನ ಹಾಗೆ ಹೇಗೆ ವಾಪಸ್ಸು ಹೋಗುವುದು? ನಾಳೆ ಹೋದರಾಯಿತು ಅಂತ ಬಸ್ ನಿಲ್ದಾಣದ ಎದುರಿನ ವಸತಿಗೃಹದಲ್ಲಿ ಒಂದು ಕೋಣೆ ಹಿಡಿದ. ಆ ನಾಳೆ ಒಂಬತ್ತು ದಿನ ಬರಲಿಲ್ಲ.

ಕೋಣೆಯಲ್ಲಿ ಒಂದು ಮಂಚ, ಒಂದು ಕುಂಟು ಕುರ್ಚಿ, ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುವ ಫ್ಯಾನು. ಓದಲು ಅವನ ಹತ್ತಿರ ಇದ್ದದ್ದು ಕಚೇರಿಯ ಬಣ್ಣದ ಕರಪತ್ರ ಒಂದೇ. ಪರೀಕ್ಷೆಗೆ ಓದುವವನ ಹಾಗೆ ಅದನ್ನು ಬಾಯಿಪಾಠ ಮಾಡಿದ. ಅದು ಬೇಸಿಗೆ ಪ್ರವಾಸದ ಕರಪತ್ರ, ಜುಲೈ ತಿಂಗಳ ಚಿತ್ರಗಳು ಅನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ. ಘಟ್ಟದ ಹೂವೆಲ್ಲ ಅಲ್ಲಿಂದ ಬಂದದ್ದು. ಬೆಂಚು ಬಸ್ ನಿಲ್ದಾಣದ್ದು, ಮರವೂ ಅಲ್ಲಿಯದೇ, ಅಕ್ರೋಟ್ ಅನ್ನುವ ಹೆಸರು ಮಾತ್ರ ಕರಪತ್ರದ್ದು. ಬಿಸಿ ಹಾಲಿನ ಅಜ್ಜಿ ಎದುರಿನ ಚಹಾದಂಗಡಿಯವಳು. ಸ್ವೆಟರ್ ಹೊಸದಾಗಿಯೇ ಉಳಿದರೆ ಅನುಮಾನ ಬಂದೀತೆಂದು ಒಂದು ಇಡೀ ದಿನ, ಆ ಸೆಕೆಯಲ್ಲಿ, ಕಿಟಕಿ ಮುಚ್ಚಿ, ಸ್ವೆಟರ್ ಹಾಕಿಕೊಂಡು ಕೂತ. ಬೆವರು ಸೊಂಟದವರೆಗೆ ಇಳಿಯಿತು. ಮೊಣಕೈಯನ್ನು ಗೋಡೆಗೆ ಉಜ್ಜಿ ಉಜ್ಜಿ ಸವೆಸಿದ. ಇಷ್ಟೇ ಆಗಿದ್ದಿದ್ದರೆ, ಎಂದಾದರೂ ಒಂದು ದಿನ ಹೇಳಿ ನಕ್ಕು ಮುಗಿಸಬಹುದಿತ್ತು.

ಇಷ್ಟೇ ಆಗಿರಲಿಲ್ಲ. ಆಗ ಮನೆಯಲ್ಲಿ ಫೋನಿರಲಿಲ್ಲ, ಬೀದಿ ಮೂಲೆಯ ದರ್ಜಿಯ ಅಂಗಡಿಯಲ್ಲಿತ್ತು. ದಿನ ಬಿಟ್ಟು ದಿನ ಸಂಜೆ ಐದಕ್ಕೆ ಅಲ್ಲಿಗೆ ಮಾಡುತ್ತೇನೆ ಅಂದಿದ್ದ. ನಾಲ್ಕನೆಯ ದಿನ ಮಾಡಿದಾಗ ಹೆಂಡತಿ ಏದುಸಿರು ಬಿಡುತ್ತಿದ್ದಳು.

“ಮಗೂಗೆ ಜ್ವರ ರೀ. ಇಳೀತಾನೇ ಇಲ್ಲ. ಆಸ್ಪತ್ರೆಗೆ ಸೇರಿಸಿದ್ದೀನಿ. ನರ್ಸಮ್ಮನ್ನ ಕೂರಿಸಿ, ನಿಮ್ಮ ಫೋನ್ ಬರುತ್ತಲ್ಲ ಅಂತ ಓಡಿ ಬಂದೆ.” ದನಿ ಸರಿಮಾಡಿಕೊಂಡು ಮತ್ತೆ ಹೇಳಿದಳು. “ನೀವು ಗಾಬರಿಯಾಗ್ಬೇಡಿ. ಅಷ್ಟು ದೂರದಿಂದ ನೀವಾದ್ರೂ ಏನು ಮಾಡೋಕಾಗುತ್ತೆ? ನಾನಿದ್ದೀನಿ. ಅಲ್ಲಿ ಚಳಿ ಜಾಸ್ತಿನಾ? ಸ್ವೆಟರ್ ಹಾಕ್ಕೊಳ್ಳಿ.”

“ಹ್ಞೂಂ, ಚಳಿ ಇದೆ,” ಅಂದ ಮಾಮ. ಬೂತಿನ ಗಾಜಿನಾಚೆ ತನ್ನ ಊರಿನ ಬೋರ್ಡು ಹಾಕಿಕೊಂಡ ಬಸ್ಸು ನಿಂತಿತ್ತು.

ಆಮೇಲೆ ಏನು ಮಾಡಿದ ಅನ್ನುವುದನ್ನು ಅವನು ತನಗೆ ತಾನೂ ಎಂದೂ ಪೂರ್ತಿ ಹೇಳಿಕೊಂಡವನಲ್ಲ. ಗುಬ್ಬಿ ಉಳಿದಳು, ಜ್ವರ ಆರನೆಯ ದಿನ ಇಳಿಯಿತು. ಒಂಬತ್ತನೆಯ ದಿನ ಮಾಮ ಬೆಲೆಯ ಚೀಟಿ ಕೆರೆದು ತೆಗೆದ ಚಾಕೊಲೇಟ್ ಡಬ್ಬಿ ಹಿಡಿದು ಮನೆಗೆ ಬಂದ. ಹಾಸಿಗೆಯಲ್ಲಿ ಒರಗಿ ಕೂತಿದ್ದ ಮಗಳು “ಹಿಮ ಎಲ್ಲಿ?” ಅಂದಳು. “ದಾರೀಲಿ ಕರಗಿಹೋಯ್ತು ಮಗಳೇ,” ಅಂದ. ಅದು ಮೊದಲನೆಯ ಕತೆ. ಮಗು ನಗಲಿ ಅಂತ ಎರಡನೆಯದು ಹೇಳಿದ, ಹೆಂಡತಿಯ ಮುಖ ಅರಳಲಿ ಅಂತ ಮೂರನೆಯದು. ಎಲುಬಿಲ್ಲದ ನಾಲಿಗೆ, ಮುಂದಿನದನ್ನು ಅದೇ ನೋಡಿಕೊಂಡಿತು.

ಈಗ ಮತ್ತೆ ಊಟದ ಮೇಜಿಗೆ ಬರೋಣ. ಮಾಮ ಒಂದು ಉಪಾಯ ಹೂಡಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ಇವಳೇ, ನೋಡಿದ್ದನ್ನೇ ನಾನು ಮತ್ತೆ ಯಾಕೆ ನೋಡ್ಲಿ? ಈ ಸಲ ಕೆಳಗಿನ ಊರುಗಳಿಗೇ ಹೋಗೋಣ. ಹಣ್ಣಿನ ಮರಗಳು ಹೂ ಬಿಟ್ಟಿರ್ತವೆ, ಚೆನ್ನಾಗಿರುತ್ತೆ.”

“ಅಯ್ಯೋ, ನನಗೆ ಚೆನ್ನಾಗಿರೋದು ಬೇಡ ರೀ. ನೀವು ಹೋದ ದಾರೀಲೇ ಹೋಗ್ಬೇಕು. ಆ ಒಂಬತ್ತು ದಿನ ನೀವಲ್ಲಿ, ನಾನಿಲ್ಲಿ. ನಾನು ಪಟ್ಟ ಪಾಡು ನನಗೆ ಗೊತ್ತು, ನೀವು ನೋಡಿದ್ದೇನು ಅಂತ ನಾನೂ ನೋಡ್ಬೇಕು.”

ಮಾಮ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಕೂತ.

ಸೋಮವಾರ ಅವಳು ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಗಂಡನನ್ನು ಎಳೆದುಕೊಂಡು ಅವನ ಹಳೆಯ ಕಚೇರಿಗೇ ಹೋದಳು. ಮಾಮನ ಕುರ್ಚಿಯಲ್ಲಿ ಈಗ ಒಬ್ಬ ಹೊಸ ಹುಡುಗಿ ಇದ್ದಳು, ಅಚ್ಚುಕಟ್ಟು, ಮಾಮನೇ ಕೆಲಸ ಕಲಿಸಿದವಳು. ನೀಲಿ ಪುಸ್ತಕ ಬಿಚ್ಚಿಟ್ಟ ಕೂಡಲೇ ಅವಳ ಬೆರಳು ಘಟ್ಟದ ಹತ್ತಿರ ನಿಂತಿತು.

“ಅತ್ತೆ, ಏಪ್ರಿಲ್‌ನಲ್ಲಿ ಇದು ಆಗಲ್ಲ. ಘಟ್ಟ ಮುಚ್ಚಿರುತ್ತೆ. ಬೆಟ್ಟಕ್ಕೆ ತಂತಿ ಮೇಲೆ ಹೋಗೋ ತೂಗುಗಾಡೀನೂ ರಿಪೇರಿಗೆ ನಿಲ್ಲಿಸಿರ್ತಾರೆ. ಚಳಿಗಾಲದವರು ಹೋಗಿ ಬೇಸಿಗೆಯವರು ಬರೋದ್ರೊಳಗೆ ಅವರ ರಿಪೇರಿ ಕೆಲಸವೆಲ್ಲ.”

“ಇವರು ಹೋಗಿದ್ದಾರಮ್ಮ! ನಿನ್ನೆದುರಿಗೇ ನಿಂತಿದ್ದಾರೆ, ಕೇಳು!”

ಹುಡುಗಿ ಮಾಮನ ಕಡೆ ನೋಡಿದಳು. ಕಾಯುತ್ತ ಕೂತಿದ್ದ ಗಿರಾಕಿಗಳೂ ನೋಡಿದರು. ಈ ಕುರ್ಚಿಯಲ್ಲಿ ಕೂತೇ ಅವನು ಅವಳಿಗೆ ಹೇಳಿಕೊಟ್ಟಿದ್ದ, ‘ಗೊತ್ತಿಲ್ಲದ್ದನ್ನ ಗೊತ್ತು ಅಂತ ಯಾವತ್ತೂ ಬರೀಬೇಡಮ್ಮ, ಜನ ನಮ್ಮ ಪಟ್ಟಿ ನಂಬಿ ಮನೆ ಬಿಟ್ಟಿರ್ತಾರೆ.’ ಆ ಮಾತು ಅವಳಿಗೂ ನೆನಪಿದ್ದಂತಿತ್ತು. ಮಾಮ ತಲೆ ತಗ್ಗಿಸಿ ಮೇಜಿನ ಮೇಲಿದ್ದ ಸ್ಟೇಪ್ಲರ್ ಅನ್ನು ಇತ್ತಿಂದತ್ತ ಸರಿಸಿದ.

“ಮಾಮ ಹೇಳಿದ್ರೆ ಸರಿಯೇ ಇರ್ಬೇಕು,” ಅಂದಳು ಹುಡುಗಿ, ಅವನ ಮುಖ ಉಳಿಸುವವಳ ಹಾಗೆ. “ಆ ಬಸ್ಸಿನ ಕಂಪನಿಗೇ ಬರೆದು ಕೇಳ್ತೀನಿ ಬಿಡಿ.”

ಉತ್ತರ ಮೂರು ದಿನಕ್ಕೆ ಬಂತು. ಹುಡುಗಿ ಅದನ್ನು ಅಚ್ಚು ಹಾಕಿ, ಕನ್ನಡದಲ್ಲಿ ಕೆಳಗೆ ಬರೆದು, ಮನೆಗೆ ತಂದುಕೊಟ್ಟು ಹೋದಳು. ಸಭ್ಯರ ಪತ್ರ. ತಮ್ಮ ಬಸ್ಸು ಆ ಘಟ್ಟದ ಮೇಲೆ ಏಪ್ರಿಲ್ ತಿಂಗಳಲ್ಲಿ ಒಂದು ವರ್ಷವೂ ಓಡಿಲ್ಲ, ಹಿರಿಯರು ಬಹುಶಃ ಬೇರೆ ದಾರಿಯನ್ನು ನೆನೆಸಿಕೊಂಡಿರಬೇಕು, ಕ್ಷಮಿಸಿ ಅಂತಿತ್ತು.

ಹೆಂಡತಿ ಎರಡು ಸಲ ಓದಿದಳು. ಮಾಮ ಗೋಡೆಗೆ ಒರಗಿ ನಿಂತಿದ್ದ. ಈಗ ಗೊತ್ತಾಯಿತು, ಈಗ ಕೇಳುತ್ತಾಳೆ, ಕೇಳಿಬಿಡಲಿ ಅಂತ ಕಾದ. ಅವಳು ತಲೆ ಎತ್ತಿದಾಗ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಸಿಟ್ಟು ಅವನ ಮೇಲಲ್ಲ.

“ಎಷ್ಟು ಸೊಕ್ಕು ನೋಡಿ ಇವರಿಗೆ! ವಯಸ್ಸಾಯ್ತು, ಮರೆತಿದ್ದಾರೆ ಅಂತ ನಯವಾಗಿ ನಿಮ್ಮನ್ನ ಸುಳ್ಳುಗಾರ ಅಂತಿದ್ದಾರೆ. ಕೂತ್ಕೊಳ್ಳಿ ಇಲ್ಲಿ. ಪೆನ್ನು ತಗೊಳ್ಳಿ. ನಾನು ಹೇಳ್ತೀನಿ, ನೀವು ಬರೀರಿ.”

ಕೂತ. ಪೆನ್ನು ತೆಗೆದುಕೊಂಡ. ಅವಳು ಹೊಸ ಹಾಳೆ ಮುಂದಿಟ್ಟು, ಎದುರಿಗೆ ನಿಂತು ಹೇಳತೊಡಗಿದಳು. “‘ನಾನು ಸ್ವತಃ ನಿಮ್ಮ ಘಟ್ಟವನ್ನು ದಾಟಿದವನು.’ ಬರೆದ್ರಾ? ‘ನನ್ನ ಹೆಂಡತಿ ಇಪ್ಪತ್ಮೂರು ವರ್ಷದಿಂದ ಅದನ್ನು ಕೇಳುತ್ತಾ ಬಂದಿದ್ದಾಳೆ.’ ಅದನ್ನೂ ಹಾಕಿ. ‘ನಾನು ಸುಳ್ಳು ಹೇಳುವವನಲ್ಲ ಅನ್ನುವುದಕ್ಕೆ ಅವಳೇ ಸಾಕ್ಷಿ.’ ಬೇಕಾದ್ರೆ ಕೆಳಗೆ ನಾನೂ ಸಹಿ ಹಾಕ್ತೀನಿ.”

ಮಾಮನ ಕೈ ‘ನಾನು’ ಅಂತ ಬರೆದು ನಿಂತಿತ್ತು. ಎಂತೆಂಥ ಅರ್ಜಿ ಬರೆದ ಕೈ ಅದು. ಅವಳ ಸಹಿ ಅದರ ಕೆಳಗೆ ಬೀಳುತ್ತದೆ ಅನ್ನುವುದನ್ನು ಮಾತ್ರ ಅದಕ್ಕೆ ತಡೆದುಕೊಳ್ಳಲಾಗಲಿಲ್ಲ.

“ಇವಳೇ,” ಅಂದ, ಹಾಳೆಯ ಕಡೆಗೇ ನೋಡುತ್ತ, “ನಾನು ಹೋಗಿಲ್ಲ.”

“ಎಲ್ಲಿಗೆ?”

“ಆ ದೇಶಕ್ಕೆ. ಹೋಗಲೇ ಇಲ್ಲ. ಪಾಸ್‌ಪೋರ್ಟ್ ಬೀರೂಲೇ ಬಿಟ್ಟಿದ್ದೆ. ಮೂವತ್ತೆರಡು ಅಂತ ಎಣಿಸಿದೆ... ನನ್ನನ್ನ ಎಣಿಸ್ಲಿಲ್ಲ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಎಣಿಸದೇ ಇದ್ದದ್ದು ನಡೆಯಿತು. ಅವಳ ತುಟಿಯ ತುದಿ ನಡುಗಿ, ನಗು ಹೊರಗೆ ಬಂತು. “ನಿಮ್ಮನ್ನ ನೀವೇ ಎಣಿಸ್ಲಿಲ್ವಾ? ಅಯ್ಯೋ ನನ್ನ ರಾಜ! ಹೂವು, ಬೆಂಚು, ಅಜ್ಜಿ ಎಲ್ಲಾ ಬುರುಡೆನಾ? ಇಪ್ಪತ್ಮೂರು ವರ್ಷ! ಏನು ಎದೆಗಾರಿಕೆ ರೀ ನಿಮ್ಮದು!” ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾಮನೂ ಒಂದು ಗಳಿಗೆ ನಕ್ಕ. ದೇವರೇ, ಇಲ್ಲಿಗೇ ಮುಗಿಸು ಅಂದುಕೊಂಡ.

ಕಣ್ಣು ಒರೆಸಿಕೊಳ್ಳುತ್ತ ಅವಳು ಕೇಳಿದಳು. “ಹಂಗಾದ್ರೆ ಆ ಒಂಬತ್ತು ದಿನ ಎಲ್ಲಿದ್ರಿ?”

ಅವನು ಊರಿನ ಹೆಸರು ಹೇಳಿದ. ಎರಡು ಗಂಟೆಯ ದಾರಿ. ಅವಳ ಅಣ್ಣನ ಮನೆಗೆ ಹೋಗುವಾಗ ಪ್ರತಿ ಸಲ ಬಸ್ಸು ಬದಲಿಸುವ ಊರು.

ನಗು ನಿಂತಿತು.

“ಫೋನ್ ಮಾಡಿದ್ದು?”

“ಅಲ್ಲಿಂದಾನೇ.”

“ಜ್ವರ ಅಂತ ಹೇಳಿದ್ನಲ್ಲ, ಅವತ್ತೂ ಅಲ್ಲೇ?”

“ಅಲ್ಲೇ.” ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇನ್ನೂ ಒಂದು ಉಳಿದಿತ್ತು. ಅದನ್ನು ಒಳಗಿಟ್ಟುಕೊಂಡು ಅವಳೆದುರು ಇನ್ನೊಂದು ದಿನ ಕೂರಲು ಅವನಿಂದ ಆಗುತ್ತಿರಲಿಲ್ಲ. “ನಾನು ಬಂದಿದ್ದೆ. ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದೆ. ಆಸ್ಪತ್ರೆ ಎದುರಿಗೆ ಇಳಿದೆ. ನೀನು ಅಂಗಳದ ನಲ್ಲೀಲಿ ಫ್ಲಾಸ್ಕ್ ತೊಳೀತಿದ್ದೆ. ನಿನ್ನ ಒಂದು ಚಪ್ಪಲಿ ಕಿತ್ತುಹೋಗಿತ್ತು, ಪಿನ್ನು ಹಾಕಿದ್ದೆ. ರಸ್ತೆ ದಾಟಿದ್ರೆ ಇಪ್ಪತ್ತು ಹೆಜ್ಜೆ.” ಪೆನ್ನು ಕೆಳಗಿಟ್ಟ. “ಎಲ್ಲಿಂದ ಬಂದ್ರಿ ಅಂತ ಕೇಳ್ತೀಯಲ್ಲ ಅಂತ... ದಾಟಲಿಲ್ಲ. ಅದೇ ಬಸ್ಸು ತಿರುಗಿ ಹೊರಟಿತ್ತು. ಹತ್ತಿಬಿಟ್ಟೆ.”

ಪಕ್ಕದ ಮನೆಯವರು ಚಾಪೆ ಕೊಡವುವ ಸದ್ದು ಕೇಳುತ್ತಿತ್ತು. ಅವಳು ಕುರ್ಚಿ ಎಳೆದು ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನು ಕಾಲಿಗೆ ಬೀಳುತ್ತಿದ್ದ. ಮೇಜಿನ ಮೇಲಿನ ನೀಲಿ ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಒತ್ತುತ್ತ ಕೂತಳು, ಅಂಟು ಸರಿಯಾಗಿ ಕೂತಿದೆಯೇ ಅಂತ ನೋಡುವವರ ಹಾಗೆ.

ಆಮೇಲೆ ಕೇಳಿದಳು. “ನಾನು ಅಳ್ತಿದ್ನಾ?”

“ಹ್ಞೂಂ.”

“ಜೋರಾಗಿ?”

“ನಲ್ಲಿ ಜೋರಾಗಿ ಬಿಟ್ಕೊಂಡು.”

ಅವಳು ತಲೆಯಾಡಿಸಿದಳು. “ಆ ಒಂಬತ್ತು ದಿನ ನಾನು ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಬಂದಿದ್ದೀನಿ. ನಿಮ್ಮ ಹತ್ರಾನೂ. ನೀವು ‘ಗಟ್ಟಿಗಿತ್ತಿ’ ಅಂದಾಗೆಲ್ಲ ನನಗೆ ಹೆಮ್ಮೆ ಆಗ್ತಿತ್ತು. ಅವತ್ತು ಯಾರೂ ನೋಡ್ಲಿಲ್ಲ ಅಂದ್ಕೊಂಡಿದ್ದೆ ರೀ.”

ಮಾಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ, ವಿಮಾನ ನಿಲ್ದಾಣದಲ್ಲೂ ಆಗಿರಲಿಲ್ಲ, ಆ ಬಸ್ಸಿನಲ್ಲೂ ಆಗಿರಲಿಲ್ಲ. ಕ್ಷಮಿಸು ಅನ್ನಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

“ಅದು ಬೇಡ. ಈಗ ಬೇಡ. ಒಂದು ಮಾತು ಕೇಳಿ. ಗುಬ್ಬಿಗೆ ಇದು ಗೊತ್ತಾಗ್ಬಾರ್ದು. ಜ್ವರದಲ್ಲಿ ಅಪ್ಪ ಅಪ್ಪ ಅಂತಿತ್ತು ಮಗು. ಅಪ್ಪ ಬೆಟ್ಟದಾಚೆ ಇದ್ದಾರೆ ಕಂದ, ಇಲ್ಲದಿದ್ರೆ ಓಡಿ ಬರ್ತಿದ್ರು ಅಂತ ಹೇಳಿ ಮಲಗಿಸ್ತಿದ್ದೆ. ಅವಳು ಅದನ್ನ ನಂಬಿಯೇ ದೊಡ್ಡವಳಾಗಿದ್ದಾಳೆ. ನೀವು ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕೆ ಅವಳ ಹತ್ರ ಬಾಯಿ ಬಿಟ್ರೆ ನಾನು ನಿಮ್ಮ ಮುಖ ನೋಡಲ್ಲ.”

“ಸರಿ.”

“ನಾನು ಹೋಗ್ತೀನಿ. ಅವಳನ್ನ ಕರ್ಕೊಂಡು ಹೋಗ್ತೀನಿ. ನೀವು ಬರೋದು ಬೇಡ.” ನೀಲಿ ಪುಸ್ತಕವನ್ನು ಅವನ ಕಡೆಗೆ ತಳ್ಳಿದಳು. “ಮೊದಲಿಂದ ಬರೀರಿ. ಏಪ್ರಿಲ್‌ನಲ್ಲಿ ಏನು ತೆಗೆದಿರುತ್ತೆ, ಏನು ಮುಚ್ಚಿರುತ್ತೆ, ಸರಿಯಾಗಿ ನೋಡಿ ಬರೀರಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರೀರಿ.”

ಮಾಮ ಎರಡು ವಾರ ಕೂತು ಬರೆದ. ಕೈಪಿಡಿ ಓದಿದ, ಕಚೇರಿಯ ಹುಡುಗಿಯ ಮುಂದೆ ಕೂತು ಗಿರಾಕಿಯ ಹಾಗೆ ಕೇಳಿ ಬರೆದುಕೊಂಡ. ಅವಳು ಏನೂ ಕೇಳಲಿಲ್ಲ, ಅವನೇ ಹೇಳಿದ, “ಅವತ್ತು ನೀನು ಹೇಳಿದ್ದೇ ಸರಿಯಮ್ಮ. ನನಗೆ ಗೊತ್ತಿರಲಿಲ್ಲ.” ಸರೋವರದ ದೋಣಿಗಳು ವಸಂತದಲ್ಲಿ ಕಡಿಮೆ, ಹೊತ್ತು ನೋಡಿಕೊಳ್ಳಬೇಕು. ಕೆಳಗಿನ ಕಣಿವೆಯಲ್ಲಿ ಸೇಬಿನ ಮರಗಳು ಹೂ ಬಿಟ್ಟಿರಬಹುದು, ಖಾತ್ರಿಯಿಲ್ಲ. ಹೋಟೆಲ್ಲುಗಳು ಕೆಲವು ರಜೆಯಲ್ಲಿರುತ್ತವೆ, ಮೊದಲೇ ಕೇಳಿಕೊಳ್ಳುವುದು. ಘಟ್ಟದ ದಾರಿ, ಮುಚ್ಚಿದೆ. ಮೂವತ್ತನಾಲ್ಕು ವರ್ಷದಲ್ಲಿ ಅಷ್ಟು ಎಚ್ಚರದಿಂದ ಅವನು ಯಾರಿಗೂ ಬರೆದಿರಲಿಲ್ಲ. ಹೆಂಡತಿ ದಿನಾ ಓದಿ, ಸರಿ ಅಥವಾ ಇದೇನು ಅಂತ ಕೇಳಿ, ಮುಚ್ಚಿಡುತ್ತಿದ್ದಳು. ಊಟಕ್ಕೆ ಕರೆಯುತ್ತಿದ್ದಳು, ಔಷಧಿ ನೆನಪಿಸುತ್ತಿದ್ದಳು. ಅದರಾಚೆ ಒಂದು ಮಾತಿಲ್ಲ.

ಅಪ್ಪ ಯಾಕೆ ಬರುತ್ತಿಲ್ಲ ಅಂತ ಗುಬ್ಬಿ ಕೇಳಿಯೇ ಕೇಳಿದಳು. ಅದು ಭಾನುವಾರ, ಅದೇ ಮೇಜು. ಮಾಮ ಚಹಾದ ಲೋಟ ಎತ್ತಿಕೊಂಡ. ಹೆಂಡತಿ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿಂದಲೇ ಹೇಳಿದಳು, “ಪಾಸ್‌ಪೋರ್ಟ್ ಅವಧಿ ಮುಗಿದಿದೆಯಂತೆ. ಹೊಸದು ಅಷ್ಟರೊಳಗೆ ಬರಲ್ವಂತೆ. ಊರವರದ್ದೆಲ್ಲ ತಿರುವಿ ತಿರುವಿ ನೋಡೋರು, ತಮ್ಮದು ನೋಡ್ಕೊಂಡಿಲ್ಲ.”

ಗುಬ್ಬಿ ಬಾಯಿ ತೆರೆದು ಅಪ್ಪನನ್ನು ನೋಡಿದಳು. ಆಮೇಲೆ ಮೇಜು ತಟ್ಟಿ ನಕ್ಕಳು. “ಅಪ್ಪಾ! ನೀನಾ? ನೀನು ಪಾಸ್‌ಪೋರ್ಟ್ ನೋಡ್ಕೊಂಡಿಲ್ವಾ? ಬೀದಿಯವರಿಗೆಲ್ಲ ಹೇಳ್ತೀನಿ ಇರು!” ಮಾಮ ತಲೆ ತಗ್ಗಿಸಿ ಕೂತ. ಅವಳು ಇನ್ನೂ ಎರಡು ಸಲ ನಕ್ಕಳು, ಅಪ್ಪನ ಬೆನ್ನು ಸವರಿ “ಹೋಗಲಿ ಬಿಡು ಪಾಪ, ಮುಂದಿನ ವರ್ಷ ಹೋಗುವಿಯಂತೆ” ಅಂದಳು, ಚಹಾ ಇನ್ನೂ ಇದೆಯಾ ಅಂತ ಕೇಳಿದಳು. ಮುಗಿಯಿತು. ಅರ್ಧ ಲೋಟ ಚಹಾ ಕುಡಿಯುವಷ್ಟು ಹೊತ್ತು ಕೂಡ ಇರಲಿಲ್ಲ. ಇಷ್ಟಕ್ಕೆ ಹೆದರಿ ತಾನು ಒಂಬತ್ತು ದಿನ ಆ ಕೋಣೆಯಲ್ಲಿ ಕೂತಿದ್ದೆನೇ ಅಂತ ಮಾಮ ಲೋಟದ ತಳ ನೋಡುತ್ತ ಕೂತ.

ಗುಬ್ಬಿಗೆ ಇನ್ನೊಂದು ಹೊಳೆಯಿತು. “ಸದ್ಯ, ಈಗ ಆಯ್ತಲ್ಲ. ಇದೇ ಅವತ್ತು ಆಗಿದ್ದಿದ್ರೆ? ಮೂವತ್ತೆರಡು ಜನರ ಮುಂದೆ, ವಿಮಾನ ನಿಲ್ದಾಣದಲ್ಲಿ! ಏನು ಮಾಡ್ತಿದ್ದೆ ಅಪ್ಪ?”

ಮಾಮ ತಲೆ ಎತ್ತಿದ. ಹೆಂಡತಿಯ ಬೆನ್ನು ಕಾಣುತ್ತಿತ್ತು. ನಲ್ಲಿ ನಿಂತಿತು. ಅವಳು ತಿರುಗಿ ನೋಡಲಿಲ್ಲ.

“ಮನೆಗೆ ಬರ್ತಿದ್ರು ಕಣೇ,” ಅಂದಳು. “ಇನ್ನೆಲ್ಲಿಗೆ ಹೋಗ್ತಾರೆ?”